ಗುಂಡಿ ಒತ್ತುವ ಮುನ್ನದ ಮಾತು

‘ಏನೂ ಆಗೂದಿಲ್ಲ ಅಂತೀರಿ, ಮತ್ತ ನೀವ್ಯಾಕ ಹೊರಗ ಹೊಂಟ್ರಿ ಸಾಹೇಬ್ರ?’

ಹಲ್ಲಿನ ಎಕ್ಸ್‌ರೇ ತೆಗೆಯುವ ಹೊತ್ತಿನಲ್ಲಿ ಕುರ್ಚಿಯ ಮೇಲೆ ಕೂತ ಮನುಷ್ಯ ಕೇಳಬಹುದಾದ ಪ್ರಶ್ನೆಗಳಲ್ಲಿ ಇದಕ್ಕಿಂತ ನ್ಯಾಯವಾದದ್ದು ಇನ್ನೊಂದಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ಜನ ಇದನ್ನು ಬಾಯಿಬಿಟ್ಟು ಕೇಳುವುದು ಕಡಿಮೆ. ಡಾಕ್ಟರ ಎದುರು ಪ್ರಶ್ನೆ ಎತ್ತುವುದು ಅವರಿಗೆ ಅಗೌರವ ಎನಿಸುತ್ತದೆ. ಆದರೆ ಕೇಳದೆ ಉಳಿದ ಪ್ರಶ್ನೆ ದವಾಖಾನೆಯಲ್ಲೇ ಮುಗಿಯುವುದಿಲ್ಲ. ರೋಗಿಯ ಜೊತೆ ಬಸ್ಸು ಹತ್ತಿ ಊರಿಗೆ ಹೋಗುತ್ತದೆ, ಅಲ್ಲಿ ತನಗೆ ತೋಚಿದ ಉತ್ತರವನ್ನು ತಾನೇ ಕಟ್ಟಿಕೊಳ್ಳುತ್ತದೆ. ಆ ಉತ್ತರದ ಮೇಲೆ ನಂಬಿಕೆ ಇಟ್ಟ ಸೊಸೆಯೊಬ್ಬಳು ಹಲ್ಲುನೋವು ತಾಳಿಕೊಂಡು ಆರು ತಿಂಗಳು ಲವಂಗ ಕಚ್ಚುತ್ತಾಳೆ, ಇಲ್ಲವೇ ಅಂಗಡಿಯಿಂದ ಗುಳಿಗೆ ತರಿಸಿ ನುಂಗುತ್ತಾಳೆ.

ಹಲ್ಲಿನ ಎಕ್ಸ್‌ರೇಗೆ ಮುಂಚೆ ಆಡುವ ಒಂದೆರಡು ನಿಮಿಷದ ಮಾತು, ತೆಗೆದ ಮೇಲೆ ಚಿತ್ರ ತೋರಿಸಿ ಆಡುವ ಇನ್ನೆರಡು ನಿಮಿಷದ ಮಾತು ಡಾಕ್ಟರ ಒಳ್ಳೆಯತನಕ್ಕೆ ಬಿಟ್ಟ ವಿಷಯ ಎಂದು ನಾವು ತಿಳಿದಿದ್ದೇವೆ. ಅದು ತಪ್ಪು ತಿಳಿವಳಿಕೆ ಎಂಬುದು ನನ್ನ ವಾದ. ಆ ಮಾತು ಪರೀಕ್ಷೆಯದೇ ಭಾಗ. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೇಳುತ್ತೇನೆ: ರೋಗಿಗೆ ತಾಗುವ ಕಿರಣದ ಪ್ರಮಾಣವನ್ನು ಕಡಿಮೆ ಮಾಡುವ ಸಾಧನಗಳಲ್ಲಿ ಮಾತೂ ಒಂದು.

ಮೊದಲು ಆ ನ್ಯಾಯವಾದ ಪ್ರಶ್ನೆಗೆ ಉತ್ತರ. ಕುರ್ಚಿಯಲ್ಲಿ ಕೂತವರಿಗೆ ಆ ಕಿರಣ ಯಾವಾಗಲೋ ಒಮ್ಮೆ ತಾಗುತ್ತದೆ, ಅದರಿಂದ ಅವರಿಗೆ ಲಾಭವೂ ಇದೆ: ರೋಗ ಎಲ್ಲಿದೆ ಎಂದು ಗೊತ್ತಾಗುತ್ತದೆ. ಪಕ್ಕದಲ್ಲಿ ನಿಂತೇ ಇರುವ ಡಾಕ್ಟರಿಗೋ ಸಹಾಯಕಿಗೋ ಅದು ದಿನಕ್ಕೆ ಹತ್ತಾರು ಸಲ, ವರ್ಷವಿಡೀ, ವೃತ್ತಿ ಮಾಡುವಷ್ಟು ಕಾಲ ತಾಗುತ್ತದೆ, ಲಾಭವೇನೂ ಇಲ್ಲ. ದೂರ ಎರಡು ಪಟ್ಟಾದರೆ ಕಿರಣ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತದೆ. ಅದಕ್ಕೇ ಅವರು ಆರಡಿ ಹಿಂದೆ ಸರಿಯುತ್ತಾರೆ, ಇಲ್ಲವೇ ಗೋಡೆಯ ಆಚೆ ನಿಲ್ಲುತ್ತಾರೆ. ಇಷ್ಟನ್ನು ಹೇಳಲು ಅರ್ಧ ನಿಮಿಷ ಸಾಕು. ಕೇಳಿದವರು ಅದನ್ನು ಕೂಡಲೇ ಒಪ್ಪುತ್ತಾರೆ, ಏಕೆಂದರೆ ಅದರಲ್ಲಿ ಮುಚ್ಚುಮರೆ ಇಲ್ಲ.

ಹಿಂದೆ ಸರಿಯುವ ಈ ಪದ್ಧತಿ ಬಂದದ್ದು ದೊಡ್ಡ ಬೆಲೆ ತೆತ್ತ ಮೇಲೆ. ಜರ್ಮನಿಯ ವಿಲ್ಹೆಲ್ಮ್ ರಾಂಟ್ಜನ್ ಈ ಕಿರಣವನ್ನು ಕಂಡದ್ದು 1895ರ ನವೆಂಬರ್ 8ರಂದು. ಎರಡು-ಮೂರು ತಿಂಗಳೊಳಗೆ, 1896ರ ಆರಂಭದಲ್ಲಿ, ಬ್ರೌನ್‌ಷ್ವೈಗ್ ಊರಿನ ಒಟ್ಟೊ ವಾಲ್ಕಾಫ್ ಎಂಬ ದಂತವೈದ್ಯ ತನ್ನದೇ ಬಾಯೊಳಗೆ ಗಾಜಿನ ಪಟ್ಟಿ ಇಟ್ಟುಕೊಂಡು 25 ನಿಮಿಷ ಅಲುಗಾಡದೆ ಇದ್ದು ಹಲ್ಲಿನ ಮೊದಲ ಚಿತ್ರ ತೆಗೆದ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಎಡ್ಮಂಡ್ ಕೆಲ್ಸ್ ಅದೇ ವರ್ಷ ಈ ಕೆಲಸ ಶುರು ಮಾಡಿದ. ಯಂತ್ರ ಸರಿಯಾಗಿದೆಯೇ ಎಂದು ನೋಡಲು ತನ್ನ ಕೈಯನ್ನೇ ಮತ್ತೆಮತ್ತೆ ಕಿರಣಕ್ಕೆ ಒಡ್ಡುತ್ತಿದ್ದ. ಕ್ಯಾನ್ಸರ್ ಹತ್ತಿ ಬೆರಳುಗಳು ಹೋದವು, ಕೈ ಹೋಯಿತು, ತೋಳೂ ಹೋಯಿತು. 1928ರಲ್ಲಿ ಆತ ತನ್ನ ಜೀವವನ್ನು ತಾನೇ ಕಳೆದುಕೊಂಡ. ಇಂದು ಅದೇ ಕೆಲಸ ಸೆಕೆಂಡಿನ ಸಣ್ಣದೊಂದು ಪಾಲಿನಲ್ಲಿ ಮುಗಿಯುತ್ತದೆ. 25 ನಿಮಿಷದಿಂದ ಇಲ್ಲಿಗೆ ಬಂದ ದಾರಿಯನ್ನು ರೋಗಿಗೆ ಎರಡು ವಾಕ್ಯದಲ್ಲಿ ಹೇಳಿದರೂ ಸಾಕು. ಎಚ್ಚರ ಯಾಕೆ ಬೇಕು, ಭಯ ಯಾಕೆ ಬೇಡ ಎಂಬುದೆರಡೂ ಅದರಲ್ಲೇ ಇವೆ.

ಇನ್ನು ಪ್ರಮಾಣದ ಮಾತು. ಒಂದೆರಡು ಹಲ್ಲಿನ ಸಣ್ಣ ಎಕ್ಸ್‌ರೇ, ಡಾಕ್ಟರು ಐಒಪಿಎ ಅಥವಾ ಆರ್‌ವಿಜಿ ಎನ್ನುವಂಥದ್ದು, ಮೈಗೆ ಕೊಡುವುದು ಸುಮಾರು 5 ಮೈಕ್ರೊಸೀವರ್ಟ್ (ವಿಕಿರಣ ಅಳೆಯುವ ಮಾನ). ಮಣ್ಣು, ಕಲ್ಲು, ಆಕಾಶ, ಉಣ್ಣುವ ಅನ್ನದಿಂದ ಭೂಮಿಯ ಮೇಲಿನ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್, ಅಂದರೆ 2,400 ಮೈಕ್ರೊಸೀವರ್ಟ್ ವಿಕಿರಣ ತಾನಾಗಿಯೇ ಬರುತ್ತಿರುತ್ತದೆ. ದಿನಕ್ಕೆ ಹಂಚಿದರೆ ಆರು ಮೈಕ್ರೊಸೀವರ್ಟಿಗಿಂತ ತುಸು ಹೆಚ್ಚು. ಅಂದರೆ ಹಲ್ಲಿನ ಒಂದು ಸಣ್ಣ ಎಕ್ಸ್‌ರೇ ಎಂದರೆ ನಾವು ಬದುಕಿದ ಒಂದು ದಿನದಷ್ಟು, ಅದಕ್ಕೂ ಸ್ವಲ್ಪ ಕಡಿಮೆ. ತಲೆಯ ಸುತ್ತ ಯಂತ್ರ ತಿರುಗಿ ಎರಡೂ ದವಡೆಯನ್ನು ಒಟ್ಟಿಗೆ ತೋರಿಸುವ ಒಪಿಜಿ ಎಂದರೆ ಕೆಲವು ದಿನಗಳಷ್ಟು. ಆದರೆ ಸಿಬಿಸಿಟಿ ಎಂಬ ಮೂರು ಆಯಾಮದ ಸ್ಕ್ಯಾನ್‌ನ ಲೆಕ್ಕ ಬೇರೆ. ಅದು ಕೆಲವು ಹತ್ತು ಮೈಕ್ರೊಸೀವರ್ಟಿನಿಂದ ಹಲವು ನೂರರವರೆಗೆ, ಕೆಲವೊಮ್ಮೆ ಅದಕ್ಕೂ ಮೇಲೆ ಹೋಗಬಲ್ಲದು. ‘ಎಲ್ಲಾ ಒಂದ ಎಕ್ಸ್‌ರೇ’ ಎಂದು ಹೇಳಿ ಕಳಿಸುವುದು ಅದಕ್ಕೇ ಸರಿಯಲ್ಲ.

ಈ ಭಾಗದಲ್ಲಿ ಇನ್ನೊಂದು ಅಂಜಿಕೆ ಇದೆ. ತಂಬಾಕು, ಗುಟ್ಕಾ, ಹಲ್ಲಿಗೆ ತಿಕ್ಕುವ ಸುಟ್ಟ ತಂಬಾಕಿನ ಪುಡಿಯಾದ ಮಿಶ್ರಿ, ಇವುಗಳ ಚಟ ಇಲ್ಲಿ ಹಳೆಯದು. ನಿಪ್ಪಾಣಿಯ ತಂಬಾಕಿನ ಪೇಟೆ ಹುಕ್ಕೇರಿಗೆ ದೂರವಲ್ಲ. ಬಾಯಿಯ ಕ್ಯಾನ್ಸರ್ ಆಗಿ ಬೆಳಗಾವಿಗೋ ಮೀರಜಿಗೋ ಹೋಗಿ ‘ಕರೆಂಟ್ ಕೊಡಿಸಿಕೊಂಡು’, ಅಂದರೆ ವಿಕಿರಣ ಚಿಕಿತ್ಸೆ ಪಡೆದು, ಬಂದವರನ್ನು ಜನ ಕಣ್ಣಾರೆ ಕಂಡಿದ್ದಾರೆ. ಕೂದಲು, ಚರ್ಮ, ನಾಲಿಗೆಯ ರುಚಿ ಏನಾಯಿತೆಂದೂ ಕಂಡಿದ್ದಾರೆ. ಹಲ್ಲಿನ ದವಾಖಾನೆಯ ಯಂತ್ರವೂ ಅದೇ ಎಂದು ಅವರು ಅಂಜಿದರೆ ಅದು ಅಜ್ಞಾನವಲ್ಲ, ಕಂಡದ್ದನ್ನು ಕಂಡದ್ದಕ್ಕೆ ಹೊಂದಿಸಿ ನೋಡುವ ಬುದ್ಧಿ. ಆ ಅಂಜಿಕೆಗೆ ಉತ್ತರ ಲೆಕ್ಕದಲ್ಲಿದೆ. ಬಾಯಿ-ಗಂಟಲಿನ ಕ್ಯಾನ್ಸರಿಗೆ ಆರೇಳು ವಾರಗಳಲ್ಲಿ ಒಟ್ಟು 60ರಿಂದ 70 ಗ್ರೇ, ಅಂದರೆ 60ರಿಂದ 70 ಸಾವಿರ ಮಿಲಿಗ್ರೇ ವಿಕಿರಣ ಕೊಡುತ್ತಾರೆ. ಹಲ್ಲಿನ ಒಂದು ಎಕ್ಸ್‌ರೇಯಲ್ಲಿ ಕೆನ್ನೆಯ ಚರ್ಮಕ್ಕೆ ತಾಗುವುದು ಒಂದೆರಡು ಮಿಲಿಗ್ರೇ. ನಡುವಿನ ಅಂತರ ಹತ್ತಾರು ಸಾವಿರ ಪಟ್ಟು. ಗುಂಡಿ ಬಿಟ್ಟ ಕ್ಷಣಕ್ಕೆ ಕಿರಣ ನಿಲ್ಲುತ್ತದೆ, ಮೈಯಲ್ಲಿ ಏನೂ ಉಳಿಯುವುದಿಲ್ಲ, ಮಗುವಿಗೆ ಹಾಲುಣಿಸಲು ಅಡ್ಡಿಯಿಲ್ಲ. ಈ ಮಾತುಗಳನ್ನು ಹೇಳದೆ ‘ಹೆದರಬ್ಯಾಡ್ರಿ’ ಎಂದಷ್ಟೇ ಹೇಳಿದರೆ ಹೆದರಿಕೆ ಒಳಗೇ ಕೂರುತ್ತದೆ.

ಮಾತಿನಿಂದ ಕಿರಣ ಕಡಿಮೆಯಾಗುತ್ತದೆ ಎಂದೆನಲ್ಲ, ಅದು ಹೇಗೆ? ಎರಡನೆಯ ಸಲ ತೆಗೆಯಬೇಕಾದ ಎಕ್ಸ್‌ರೇಯನ್ನು ನೆನೆಯಿರಿ. ಚಿತ್ರ ಕೆಡುವುದಕ್ಕೆ ಯಂತ್ರ ಕಾರಣವಾಗುವುದು ಕಡಿಮೆ. ರೋಗಿ ತಲೆ ಅಲುಗಿಸಿದ, ಕಚ್ಚಿ ಹಿಡಿಯಬೇಕಾದಲ್ಲಿ ಬಾಯಿ ತೆರೆದ, ಬಾಯೊಳಗೆ ಇಟ್ಟ ಸೆನ್ಸರ್ ಚುಚ್ಚಿತೆಂದು ನಾಲಿಗೆಯಿಂದ ತಳ್ಳಿದ, ವಾಕರಿಕೆ ಬಂದು ಎದ್ದು ಕೂತ. ಇವು ಬಹುಪಾಲು ಮುಂಚೆ ತಿಳಿಸದೆ ಇದ್ದದ್ದರ ಫಲ. ‘ಇದು ಸ್ವಲ್ಪ ಒತ್ತತೈತಿ, ಚುಚ್ಚಿದಂಗ ಆಗತೈತಿ, ನಾ ಐದು ಎಣಿಸೂದ್ರಾಗ ಮುಗಿತೈತಿ, ಮೂಗಿನಿಂದ ಉಸರ ತಗೋರಿ’ ಎಂದು ಮೊದಲೇ ಹೇಳಿದರೆ ಬಹುಪಾಲು ಜನ ಅಲುಗುವುದಿಲ್ಲ. ವಾಕರಿಕೆ ಜಾಸ್ತಿ ಇದ್ದವರಿಗೆ ನಾಲಿಗೆಯ ತುದಿಗೆ ಚಿಟಿಕೆ ಉಪ್ಪು ಇಡುವ ಹಳೆಯ ಉಪಾಯವೂ ಇದೆ. ಒಂದು ಚಿತ್ರ ಕೆಟ್ಟು ಇನ್ನೊಂದು ತೆಗೆದರೆ ಕಿರಣ ನೇರವಾಗಿ ಎರಡು ಪಟ್ಟು. ಆ ಎರಡನೆಯದನ್ನು ತಡೆಯುವ ಶಕ್ತಿ ಸೀಸದ ಕವಚಕ್ಕಿಲ್ಲ. ಅದಿರುವುದು ಒಂದು ನಿಮಿಷದ ಮಾತಿಗೆ.

ಕವಚದ ಮಾತು ಬಂತು. ಅಮೆರಿಕದ ದಂತವೈದ್ಯರ ಸಂಘ 2024ರ ಫೆಬ್ರವರಿಯಲ್ಲಿ, ಹಲ್ಲಿನ ಎಕ್ಸ್‌ರೇಗೆ ಸೀಸದ ಕವಚವಾಗಲಿ ಕೊರಳಪಟ್ಟಿಯಾಗಲಿ ಇನ್ನು ಬೇಕಿಲ್ಲ ಎಂದು ಸಲಹೆ ಕೊಟ್ಟಿತು. ಇಂದಿನ ಯಂತ್ರಗಳ ಕಿರಣ ಬೇಕಾದ ಜಾಗಕ್ಕಷ್ಟೇ ಬೀಳುವಂತಿದೆ, ಕವಚ ಕೆಲವೊಮ್ಮೆ ಕಿರಣದ ದಾರಿಗೆ ಅಡ್ಡ ಬಂದು ಚಿತ್ರವನ್ನೇ ಕೆಡಿಸಿ ಮತ್ತೆ ತೆಗೆಯುವಂತೆ ಮಾಡುತ್ತದೆ ಎಂಬುದು ಅದರ ಕಾರಣ. ನಮ್ಮಲ್ಲಿ ಕವಚ ಇನ್ನೂ ಬಳಕೆಯಲ್ಲಿದೆ, ಇರಲಿ. ಆದರೆ ಕವಚ ಹೊದಿಸಿದ ಮಾತ್ರಕ್ಕೆ ತಿಳಿಸಿ ಹೇಳುವ ಕೆಲಸ ಮುಗಿಯಿತೆಂದು ತಿಳಿಯಬಾರದು. ಕಿರಣ ಹೊರಬರುವ ಗುಂಡಗಿನ ಕೊಳವೆಯ ಬದಲು ಆಯತಾಕಾರದ ಕೊಳವೆ ಬಳಸಿದರೆ ಕಿರಣ ಅರ್ಧಕ್ಕೂ ಹೆಚ್ಚು ತಗ್ಗುತ್ತದೆ. ಅದು ರೋಗಿಯ ಕಣ್ಣಿಗೆ ಕಾಣುವುದಿಲ್ಲ, ಕವಚ ಕಾಣುತ್ತದೆ. ಕಾಣುವ ರಕ್ಷಣೆಯಿಂದ ಸಮಾಧಾನ ಕೊಡುವುದು ಸುಲಭ, ಕಾಣದ ರಕ್ಷಣೆಯನ್ನು ವಿವರಿಸುವುದಕ್ಕೆ ಮಾತು ಬೇಕು.

ಇಲ್ಲೊಂದು ಆಕ್ಷೇಪ ಬರುತ್ತದೆ. ಸಂತೆಯ ದಿನ ಹೊರಗೆ ಇಪ್ಪತ್ತು ಜನ ಕಾದು ಕೂತಿರುತ್ತಾರೆ, ಇಷ್ಟೆಲ್ಲ ಹೇಳಲು ಪುರುಸೊತ್ತೆಲ್ಲಿ ಎನ್ನುತ್ತಾರೆ ಡಾಕ್ಟರು. ಈ ಕಷ್ಟ ನಿಜವಾದದ್ದು. ಆದರೆ ಕೆಟ್ಟ ಚಿತ್ರವನ್ನು ಮತ್ತೆ ತೆಗೆಯುವುದಕ್ಕೂ ಹೊತ್ತು ಹಿಡಿಯುತ್ತದೆ. ಇದನ್ನೆಲ್ಲ ಡಾಕ್ಟರೇ ಹೇಳಬೇಕೆಂದೂ ಇಲ್ಲ. ಅದೇ ಊರಿನ, ಅದೇ ಭಾಷೆಯ ಸಹಾಯಕಿಗೆ ಸರಿಯಾಗಿ ಕಲಿಸಿದರೆ ಆಕೆ ಡಾಕ್ಟರಿಗಿಂತ ಚೆನ್ನಾಗಿ ಹೇಳಬಲ್ಲಳು.

ಎರಡನೆಯ ಆಕ್ಷೇಪ ಇನ್ನೂ ಗಂಭೀರ. ಹಳ್ಳಿ ಜನಕ್ಕೆ ಇದೆಲ್ಲ ತಿಳಿಯುವುದಿಲ್ಲ ಎಂಬುದು. ರೋಗಿಗಳೂ ಇದಕ್ಕೆ ದನಿಗೂಡಿಸುತ್ತಾರೆ: ‘ನೀವ ನೋಡ್ರಿ ಸಾಹೇಬ್ರ, ನಮಗೇನ್ ತಿಳಿತೈತಿ.’ ಈ ಮಾತನ್ನು ನಾನು ಒಪ್ಪಲಾರೆ. ಘಟಪ್ರಭೆಯ ನೀರಿನ ಬಲದಿಂದ ಗಿರಣಿ ತಿರುಗಿಸುವುದನ್ನು ಗೋಕಾಕ ಫಾಲ್ಸ್‌ನ ಕೆಲಸಗಾರರು 1880ರ ದಶಕದಲ್ಲೇ ಕಲಿತರು. ಹುಕ್ಕೇರಿಯ ರೈತರು 1969ರಲ್ಲಿ ತಮ್ಮದೇ ಗ್ರಾಮೀಣ ವಿದ್ಯುತ್ ಸಹಕಾರ ಸಂಘ ಕಟ್ಟಿಕೊಂಡರು. ಕರೆಂಟು ಹಂಚುವ ಕೆಲಸವನ್ನು ಸದಸ್ಯರೇ ಕೂಡಿ ನಡೆಸುವ ಇಂಥ ಸಂಘ ಕರ್ನಾಟಕದಲ್ಲಿ ಬೇರೆ ಕಡೆ ಇಲ್ಲ. ಸಂಕೇಶ್ವರದ ಹಿರಣ್ಯಕೇಶಿ ಕಾರ್ಖಾನೆಗೆ ಕಬ್ಬು ಕಳಿಸುವ ರೈತ ಸಕ್ಕರೆಯ ಇಳುವರಿ ಶೇಕಡಾ ಎಷ್ಟು ಬಂತು, ಅದಕ್ಕೆ ತಕ್ಕ ದರ ಎಷ್ಟು ಎಂದು ಪೈಸೆ ಬಿಡದೆ ಲೆಕ್ಕ ಹಾಕುತ್ತಾನೆ. ಡೇರಿಗೆ ಹಾಲು ಹಾಕುವ ಹೆಣ್ಣುಮಗಳು ಫ್ಯಾಟ್ ಎಷ್ಟು ಎಂದು ಯಂತ್ರದ ಅಂಕಿ ನೋಡಿಯೇ ಕ್ಯಾನು ಎತ್ತುತ್ತಾಳೆ. ಇವರಿಗೆ ಒಂದು ದಿನದ ವಿಕಿರಣ ಎಷ್ಟು, ಒಂದು ಎಕ್ಸ್‌ರೇಯದು ಎಷ್ಟು ಎಂಬ ಲೆಕ್ಕ ತಿಳಿಯುವುದಿಲ್ಲವೇ? ‘ನಮಗೇನ್ ತಿಳಿತೈತಿ’ ಎಂಬುದು ಅವರ ಸಂಕೋಚ. ಅದನ್ನು ಅನುಮತಿ ಎಂದು ಓದಿಕೊಳ್ಳುವುದು ಅನ್ಯಾಯ.

ಹೇಳಬೇಕಾದದ್ದು ಇದ್ದಂತೆ ಕೇಳಬೇಕಾದದ್ದೂ ಇದೆ. ಮದುವೆಯಾಗಿ ಕೆಲವೇ ತಿಂಗಳಾದ ಹುಡುಗಿ ಅತ್ತೆಯ ಜೊತೆ ಬಂದಿದ್ದಾಳೆ, ಮಾವ ಬಾಗಿಲಲ್ಲಿ ನಿಂತಿದ್ದಾರೆ. ಅವರೆಲ್ಲರ ಎದುರು ‘ಮುಟ್ಟು ನಿಂತೈತೇನ್ರಿ?’ ಎಂದು ಕೇಳಿದರೆ ಆಕೆ ತಲೆ ತಗ್ಗಿಸಿ ಇಲ್ಲವೆಂದೇ ಹೇಳುತ್ತಾಳೆ. ಬಸಿರಿಯರಿಗೆ ಹಲ್ಲಿನ ಎಕ್ಸ್‌ರೇ ನಿಷಿದ್ಧವೇನಲ್ಲ; ಕೀವು ತುಂಬಿ ಜ್ವರ ಬರುವ ಹಲ್ಲನ್ನು ಹಾಗೇ ಬಿಡುವುದೇ ತಾಯಿಗೂ ಕೂಸಿಗೂ ಹೆಚ್ಚು ಅಪಾಯ. ಆದರೂ ಆ ಸಂಗತಿ ಗೊತ್ತಿರಬೇಕು. ತುರ್ತಿಲ್ಲದ ಚಿತ್ರವನ್ನು ಮುಂದಕ್ಕೆ ಹಾಕಬಹುದು, ತುರ್ತಿನದನ್ನು ಎಚ್ಚರದಿಂದ ತೆಗೆಯಬಹುದು. ಈ ಪ್ರಶ್ನೆಯನ್ನು ಸಹಾಯಕಿ ಪರದೆಯ ಆಚೆ ಕರೆದೊಯ್ದು, ‘ಯವ್ವಾ, ಎಲ್ಲಾ ಹೆಣ್ಣಮಕ್ಕಳಿಗೂ ಇದನ್ನ ಕೇಳ್ತೀವಿ’ ಎಂದು ಹೇಳಿ ಕೇಳಬೇಕು. ಈ ಮೂರು ತಾಲ್ಲೂಕಿನ ಯಾವ ದವಾಖಾನೆಯಲ್ಲಾದರೂ ಇದಕ್ಕೆ ಒಂದು ಮೂಲೆ ಸಿಗುತ್ತದೆ. ಸಿಗದಿದ್ದರೆ ಮಾಡಿಕೊಳ್ಳಬೇಕು.

ಒಡವೆಯ ವಿಷಯವೂ ಇಂಥದ್ದೇ. ಒಪಿಜಿ ತೆಗೆಯುವಾಗ ಕಿವಿಯ ಓಲೆ, ಬುಗಡಿ, ಮೂಗುತಿ, ಹೇರ್‌ಪಿನ್, ಚಸ್ಮಾ, ಕಟ್ಟಿಸಿದ ಹಲ್ಲಿನ ಸೆಟ್ ಇವೆಲ್ಲವನ್ನೂ ತೆಗೆದಿಡಬೇಕು. ಒಂದು ಕಿವಿಯ ಓಲೆಯ ನೆರಳು ಇನ್ನೊಂದು ಬದಿಯ ದವಡೆಯ ಮೇಲೆ ಬಿದ್ದು ಇಲ್ಲದ ರೋಗ ತೋರಿಸಬಲ್ಲದು, ಇರುವ ರೋಗ ಮುಚ್ಚಬಲ್ಲದು. ಹೀಗೆಂದು ಕಾರಣ ಹೇಳಿದರೆ ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಕಾರಣ ಹೇಳದೆ ‘ಕೊಳ್ಳಾಗಿಂದೆಲ್ಲಾ ತಗೀರಿ’ ಎಂದಾಗ ಮುತ್ತೈದೆಯ ಕೈ ತಾಳಿಯ ಮೇಲೆ ನಿಂತುಬಿಡುತ್ತದೆ. ಉದ್ದದ ಸರವನ್ನು ಎದೆಯ ಕೆಳಗೆ ಸರಿಸಿ ಕುಪ್ಪಸದೊಳಗೆ ಸೇರಿಸಿದರೆ ಕೆಲವು ಸಲ ಅಷ್ಟೇ ಸಾಕಾಗಬಹುದು. ಇದು ಲಿಂಗಾಯತರು ಹೆಚ್ಚಾಗಿರುವ ನಾಡು. ಎದೆಯ ಮೇಲಿನ ಇಷ್ಟಲಿಂಗದ ಬೆಳ್ಳಿ ಕರಡಿಗೆ ದವಡೆಯ ಕಿರಣದ ದಾರಿಗೆ ಬರುವುದೇ ಇಲ್ಲ, ಶಿವದಾರ ನೂಲಿನದು, ಚಿತ್ರದಲ್ಲಿ ಕಾಣುವುದೂ ಇಲ್ಲ. ಅದನ್ನು ತೆಗೆಯಲು ಹೇಳುವ ಅಗತ್ಯವೇ ಇಲ್ಲ. ಸಹಾಯಕರಿಗೆ ಈ ತಿಳಿವಳಿಕೆ ಇಲ್ಲದೆ ಹಿರಿಯರೊಬ್ಬರ ಮನಸ್ಸು ನೋಯಿಸಿದರೆ ಆ ಮನೆಯವರು ಮತ್ತೆ ಆ ಬಾಗಿಲು ತುಳಿಯುವುದಿಲ್ಲ.

ಮಕ್ಕಳ ವಿಷಯಕ್ಕೆ 1959ರಲ್ಲೇ ಹೆರಾಲ್ಡ್ ಆಡಲ್‌ಸ್ಟನ್ ಎಂಬ ಅಮೆರಿಕದ ದಂತವೈದ್ಯ ಒಂದು ದಾರಿ ತೋರಿಸಿದ್ದಾನೆ: ಮೊದಲು ಹೇಳು, ಆಮೇಲೆ ತೋರಿಸು, ಆಮೇಲೆ ಮಾಡು. ಯಂತ್ರವನ್ನು ಮುಟ್ಟಲು ಬಿಟ್ಟು, ಅದರ ಸದ್ದನ್ನು ಕೇಳಿಸಿ, ತಾಯಿಯ ಕೆನ್ನೆಗೆ ಸುಮ್ಮನೆ ಹಿಡಿದು ತೋರಿಸಿದರೆ ಐದು ವರ್ಷದ ಕೂಸೂ ಕೂರುತ್ತದೆ. ಹಿಡಿದುಕೊಳ್ಳಲೇಬೇಕಾದ ಮಗುವನ್ನು ಮನೆಯವರು, ಅದೂ ಬಸಿರಿಯಲ್ಲದವರು, ಕವಚ ತೊಟ್ಟು ಹಿಡಿಯಬೇಕು. ದಿನವೂ ಅಲ್ಲೇ ಇರುವ ಸಿಬ್ಬಂದಿ ಹಿಡಿಯಬಾರದು.

ಮಕ್ಕಳ ಹಲ್ಲಿನ ಮಾತು ಬಂದಾಗ ಈ ನೆಲದ ರುಚಿಯನ್ನು ಬಿಟ್ಟು ಮಾತಾಡಲಾಗದು. ಗೋಕಾಕದ ಕರದಂಟು, ಮೂಡಲಗಿಯ ಬೆಲ್ಲ, ಸುತ್ತಲೂ ಕಬ್ಬು. ಬೆಲ್ಲದ ಪಾಕದಲ್ಲಿ ಅಂಟು, ಕೊಬ್ಬರಿ, ಗೋಡಂಬಿ ಹಾಕಿ ಮಾಡಿದ ಕರದಂಟು ಬಾಣಂತಿಗೆ ಶಕ್ತಿ, ನೆಂಟರಿಗೆ ಉಡುಗೊರೆ. ಅದನ್ನು ತಿನ್ನಬೇಡಿ ಎಂದು ಹೇಳುವ ಡಾಕ್ಟರನ್ನು ಯಾರೂ ಕೇಳುವುದಿಲ್ಲ, ಕೇಳಬೇಕಾಗಿಯೂ ಇಲ್ಲ. ಆದರೆ ಅದು ಎರಡು ದವಡೆ ಹಲ್ಲಿನ ಸಂದಿಯಲ್ಲಿ ಅಂಟಿ ಕೂರುತ್ತದೆ, ಅಲ್ಲಿ ಶುರುವಾದ ಹುಳುಕು ಕನ್ನಡಿಗೂ ಬರಿಗಣ್ಣಿಗೂ ಕಾಣುವುದಿಲ್ಲ. ಭಾರತೀಯ ದಂತ ವೈದ್ಯಕೀಯ ಪರಿಷತ್ತು 2002-03ರಲ್ಲಿ ನಡೆಸಿದ ರಾಷ್ಟ್ರೀಯ ಸಮೀಕ್ಷೆಯಲ್ಲಿ 12 ವರ್ಷದ ಮಕ್ಕಳಲ್ಲಿ ಶೇಕಡಾ 53.8ರಷ್ಟು ಜನಕ್ಕೆ ಹುಳುಕು ಇತ್ತು, 15 ವರ್ಷದವರಲ್ಲಿ ಶೇಕಡಾ 63.1ರಷ್ಟು. ಮೇಲೆ ಹಸಿರಾಗಿ ನಿಂತ ಕಬ್ಬನ್ನು ಸೀಳಿದಾಗ ಒಳಗೆ ಕೆಂಪು ಕೊಳೆ ಕಾಣುವುದು ಇಲ್ಲಿಯ ರೈತರಿಗೆಲ್ಲ ಗೊತ್ತು. ಹಲ್ಲನ್ನು ಸೀಳದೆ ಒಳಗು ನೋಡುವ ದಾರಿಯೇ ಎಕ್ಸ್‌ರೇ ಎಂದರೆ ಅವರಿಗೆ ಹೆಚ್ಚಿನ ವಿವರಣೆ ಬೇಕಾಗುವುದಿಲ್ಲ.

ಚಿತ್ರ ತೆಗೆದ ಮೇಲೆ ನಿಜವಾದ ಶಿಕ್ಷಣ ಶುರುವಾಗುತ್ತದೆ. ಪರದೆಯ ಮೇಲೆ ಅದನ್ನು ದೊಡ್ಡದು ಮಾಡಿ, ಕುರ್ಚಿಯನ್ನು ನೇರ ಮಾಡಿ ರೋಗಿಯನ್ನು ಎದುರು ಕೂರಿಸಿ ತೋರಿಸಬೇಕು. ಬೆಳ್ಳಗಿರುವುದು ಗಟ್ಟಿ, ಕಪ್ಪಗಿರುವುದು ಪೊಳ್ಳು ಅಥವಾ ಮೆತ್ತಗಿನದು. ಹಲ್ಲಿನ ಮೇಲ್ಪದರ ಬಹಳ ಬೆಳ್ಳಗೆ, ಬೆಳ್ಳಿ ತುಂಬಿದ ಜಾಗ ಇನ್ನೂ ಬೆಳ್ಳಗೆ, ಹುಳುಕು ಕಪ್ಪು, ಬೇರಿನ ತುದಿಯ ಕೀವು ಕಪ್ಪು ಗುಂಡು. ಇಷ್ಟು ಕಲಿತರೆ ಯಾರಾದರೂ ತಮ್ಮ ಹಲ್ಲನ್ನು ತಾವೇ ಅರ್ಧ ಓದಬಲ್ಲರು. ನೆಲಗುಳ್ಳದ ಬೀಜದ ಹೊಗೆ ಹಾಕಿ ‘ಹಲ್ಲಿನ ಹುಳ’ ಉದುರಿಸುವವರು ಹಳ್ಳಿಗಳಲ್ಲಿ ಸುತ್ತುತ್ತಾ ಬಂದಿದ್ದಾರೆ. ಅವರ ವಿರುದ್ಧ ಭಾಷಣ ಮಾಡುವುದಕ್ಕಿಂತ ಈ ಚಿತ್ರ ದೊಡ್ಡ ಉತ್ತರ: ಇಲ್ಲಿ ಹುಳವಿಲ್ಲ, ಕರಗಿದ ಹಲ್ಲಿದೆ. ಮೇಲಿನ ಹಲ್ಲು ಕೀಳಿಸಿದರೆ ಕಣ್ಣು ಹೋಗುತ್ತದೆ ಎಂಬ ಅಂಜಿಕೆಗೂ ಇದೇ ಮದ್ದು. ಬೇರು ಎಲ್ಲಿ ಮುಗಿಯಿತು, ಅದರ ಮೇಲೆ ಗಾಳಿ ತುಂಬಿದ ಪೊಳ್ಳು ಎಲ್ಲಿದೆ, ಕಣ್ಣಿನ ಗೂಡು ಅದಕ್ಕೂ ಎಷ್ಟು ಮೇಲಿದೆ ಎಂದು ಒಪಿಜಿಯಲ್ಲಿ ಬೆರಳಿಟ್ಟು ತೋರಿಸಬಹುದು. ಮಿಶ್ರಿ ತಿಕ್ಕುವ ಹೆಣ್ಣುಮಗಳಿಗೆ ಒಸಡಿನ ಕೆಳಗಿನ ಎಲುಬು ಎಷ್ಟು ಸವೆದಿದೆ ಎಂದು ಅವಳದೇ ಚಿತ್ರದಲ್ಲಿ ತೋರಿಸಿದಾಗ ಆಗುವ ಪರಿಣಾಮ ಯಾವ ಗೋಡೆಬರಹದಿಂದಲೂ ಆಗದು.

ಇದೇ ಕಾರಣಕ್ಕೆ ಈ ಚಿತ್ರ ಅಪಾಯಕಾರಿಯೂ ಹೌದು. ನಂಬಿಸುವ ಶಕ್ತಿ ಇರುವ ವಸ್ತುವನ್ನು ಮಾರಾಟಕ್ಕೂ ಬಳಸಬಹುದು. ಹಲ್ಲಿನ ಕುತ್ತಿಗೆಯ ಬಳಿ ಆರೋಗ್ಯವಂತರಲ್ಲೂ ಒಂದು ಕಪ್ಪು ನೆರಳು ಕಾಣುತ್ತದೆ, ಅದು ಹುಳುಕಲ್ಲ. ಕೆಳದವಡೆಯಲ್ಲಿ ನರ ಹೊರಬರುವ ಸಹಜ ತೂತು ಬೇರಿನ ತುದಿಯ ಕೀವಿನ ಹಾಗೆ ಕಾಣಬಲ್ಲದು. ತಿಳಿಯದ ರೋಗಿಗೆ ಇವನ್ನೇ ತೋರಿಸಿ ‘ನೋಡ್ರಿ, ಪೂರ್ತಿ ಕೆಟ್ಟೈತಿ’ ಎಂದರೆ ಆತ ಕಬ್ಬಿನ ಬಿಲ್ ಬರುವ ಮುಂಚೆ ಸಾಲ ಮಾಡಿಯಾದರೂ ಹಣ ಕಟ್ಟುತ್ತಾನೆ. ಸುಪ್ರೀಂ ಕೋರ್ಟು 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಕೊಟ್ಟ ತೀರ್ಪು ಇಲ್ಲಿ ನೆನಪಿಡಬೇಕಾದದ್ದು. ಚಿಕಿತ್ಸೆಯ ಸ್ವರೂಪ, ಉದ್ದೇಶ, ಅಪಾಯ, ಬೇರೆ ದಾರಿಗಳನ್ನು ಸಾಕಷ್ಟು ತಿಳಿಸಿ ಪಡೆದ ಒಪ್ಪಿಗೆಯೇ ಒಪ್ಪಿಗೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೆ ಕೊಟ್ಟ ಒಪ್ಪಿಗೆಯಾಗುವುದಿಲ್ಲ ಎಂದು ಕೋರ್ಟು ಸ್ಪಷ್ಟಪಡಿಸಿತು. ಹಲ್ಲಿನ ಕುರ್ಚಿಗೆ ಅನ್ವಯಿಸಿದರೆ, ಎಕ್ಸ್‌ರೇಗೆ ‘ಹೂಂ’ ಎಂದವರು ರೂಟ್ ಕೆನಾಲಿಗೂ ‘ಹೂಂ’ ಎಂದಂತಲ್ಲ. ನಡುವೆ ಚಿತ್ರ ತೋರಿಸಿ, ಖರ್ಚು ಹೇಳಿ, ಮನೆಯವರನ್ನು ಕೇಳಿ ಬರಲು ಸಮಯ ಕೊಡಬೇಕು.

ಮನೆಯವರ ಮಾತು ಮುಖ್ಯ. ಈ ಊರುಗಳಲ್ಲಿ ಖರ್ಚಿನ ನಿರ್ಧಾರ ಕುರ್ಚಿಯಲ್ಲಿ ಕೂತವರದು ಮಾತ್ರ ಆಗಿರುವುದಿಲ್ಲ. ಆಕೆ ಮನೆಗೆ ಹೋಗಿ ಗಂಡನಿಗೋ ಅತ್ತೆಗೋ ಹಿರಿಯ ಮಗನಿಗೋ ವಿವರಿಸಬೇಕು. ಆದ್ದರಿಂದ ‘ತಿಳೀತೇನ್ರಿ?’ ಎಂದು ಕೇಳಿ ಪ್ರಯೋಜನವಿಲ್ಲ, ಎಲ್ಲರೂ ತಿಳಿಯಿತೆಂದೇ ಹೇಳುತ್ತಾರೆ. ‘ಮನ್ಯಾಗ ಕೇಳಿದ್ರ ಏನಂತ ಹೇಳ್ತೀರಿ, ನನಗೊಮ್ಮೆ ಹೇಳ್ರಿ ನೋಡೂಣು’ ಎಂದು ಕೇಳಬೇಕು. ಆಕೆಯ ಉತ್ತರದಲ್ಲಿ ಎಲ್ಲಿ ಕೊರತೆ ಇದೆ ಎಂದು ಆಗ ಗೊತ್ತಾಗುತ್ತದೆ, ಅದನ್ನು ಅಲ್ಲೇ ತುಂಬಬಹುದು.

‘ಏನೂ ಆಗೂದಿಲ್ಲ’ ಎಂಬ ಮಾತಿನ ಬಗ್ಗೆ ಒಂದು ತಕರಾರು ಉಳಿದಿದೆ. ಅದು ಪೂರ್ತಿ ನಿಜವಲ್ಲ. ಅಪಾಯ ಬಹಳ ಬಹಳ ಸಣ್ಣದು, ಸೊನ್ನೆಯಲ್ಲ. ವಿಕಿರಣ ರಕ್ಷಣೆಯ ಅಂತರರಾಷ್ಟ್ರೀಯ ನಿಯಮಗಳು ಮೊದಲಿಗೆ ಕೇಳುವುದೇ ‘ಈ ಚಿತ್ರ ಬೇಕೇ?’ ಎಂದು. ಬೇಕಿದ್ದರೆ ‘ಎಷ್ಟು ಕಡಿಮೆಯಲ್ಲಿ ಆಗುತ್ತದೆ?’ ಎಂದು. ಸೊನ್ನೆ ಎಂದು ಹೇಳಿಬಿಟ್ಟರೆ ಈ ಎರಡು ಪ್ರಶ್ನೆಗಳಿಗೆ ಜಾಗವೇ ಇಲ್ಲ. ನಾಳೆ ಮೊಬೈಲಿನಲ್ಲಿ ಯಾರೋ ಕಳಿಸಿದ ಹೆದರಿಸುವ ವಿಡಿಯೊ ಕಂಡಾಗ ‘ಡಾಕ್ಟರ ಸುಳ್ಳ ಹೇಳಿದ್ರು’ ಎನಿಸುತ್ತದೆ. ‘ಸಣ್ಣದೊಂದು ಅಪಾಯ ಐತಿ, ಒಂದು ದಿನ ಬದುಕಿದಷ್ಟ, ಆದ್ರ ಈ ಹಲ್ಲಿನೊಳಗ ಏನೈತಿ ಅಂತ ನೋಡದ ಕೈ ಹಾಕೂದು ಅದಕ್ಕಿಂತ ದೊಡ್ಡ ಅಪಾಯ’ ಎಂದು ಹೇಳುವ ಡಾಕ್ಟರ ಮೇಲಿನ ನಂಬಿಕೆ ಬಾಳುತ್ತದೆ.

ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ದಂತ ವೈದ್ಯಕೀಯ ಕಾಲೇಜು 1985ರಿಂದ ಇದೆ, ಮರಾಠಾ ಮಂಡಳದ ಕಾಲೇಜೂ ಇದೆ. ದೇಶದ ನಾನಾ ಕಡೆಯ ಹುಡುಗ-ಹುಡುಗಿಯರು ಅಲ್ಲಿ ಕಲಿಯುತ್ತಾರೆ. ಎಕ್ಸ್‌ರೇ ಓದುವುದರಲ್ಲಿ ಅವರಿಗೆ ಪರೀಕ್ಷೆ ಇದೆ. ಅದೇ ಚಿತ್ರವನ್ನು ಹುಕ್ಕೇರಿಯ ಅಜ್ಜಿಗೆ ಕನ್ನಡದಲ್ಲಿ, ಗಡಿಯ ಕಡೆಯ ರೈತನಿಗೆ ಮರಾಠಿಯಲ್ಲಿ, ಗೋಕಾಕದ ಮುಸ್ಲಿಂ ಓಣಿಯ ತಾಯಿಗೆ ಉರ್ದುವಿನಲ್ಲಿ ಎರಡು ನಿಮಿಷ ವಿವರಿಸುವುದಕ್ಕೂ ಅಂಕ ಇಟ್ಟರೆ ಹತ್ತು ವರ್ಷದಲ್ಲಿ ಈ ತಾಲ್ಲೂಕುಗಳ ದವಾಖಾನೆಗಳ ನಡತೆಯೇ ಬೇರೆಯಾಗುತ್ತದೆ. ಎಕ್ಸ್‌ರೇ ಯಂತ್ರ ಇಡಲು ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯ ಅನುಮತಿ ಬೇಕು. ಆ ಅನುಮತಿ ಪತ್ರದ ಪಕ್ಕದಲ್ಲೇ, ಬಸಿರಿಯರು ಮೊದಲೇ ತಿಳಿಸಿ ಎಂಬ ಮಾತನ್ನೂ ಯಾವ ಎಕ್ಸ್‌ರೇ ಎಷ್ಟು ದಿನದ ವಿಕಿರಣಕ್ಕೆ ಸಮ ಎಂಬ ಲೆಕ್ಕವನ್ನೂ ಕನ್ನಡದಲ್ಲಿ ದೊಡ್ಡಕ್ಷರದಲ್ಲಿ ಬರೆಸಿ ಹಾಕಲು ಹೆಚ್ಚು ಖರ್ಚಿಲ್ಲ. ಸರ್ಕಾರಿ ಆಸ್ಪತ್ರೆಗಳು ಇದನ್ನು ಮೊದಲು ಮಾಡಲಿ.

ಓದುಗರಲ್ಲಿ ನನ್ನ ಕೋರಿಕೆ ಇಷ್ಟು. ಮುಂದಿನ ಸಲ ಆ ಕುರ್ಚಿಯಲ್ಲಿ ಕೂತಾಗ ‘ಈ ಚಿತ್ರದಿಂದ ನಿಮಗ ಏನು ಗೊತ್ತಾಗಬೇಕಾಗೈತಿ?’ ಎಂದು ಕೇಳಿ. ಒಳ್ಳೆಯ ಡಾಕ್ಟರು ಬೇಸರಿಸುವುದಿಲ್ಲ. ತೆಗೆದ ಮೇಲೆ ಚಿತ್ರ ನೋಡದೆ ಏಳಬೇಡಿ. ಹೊರಡುವಾಗ ಅದರ ಪ್ರತಿಯನ್ನು ಕೇಳಿ ಪಡೆಯಿರಿ, ಫಿಲ್ಮ್ ಇದ್ದರೆ ಫಿಲ್ಮ್, ಇಲ್ಲದಿದ್ದರೆ ಮೊಬೈಲಿಗಾದರೂ ಹಾಕಿಸಿಕೊಳ್ಳಿ. ನಾಳೆ ಬೆಳಗಾವಿಗೋ ಮೀರಜಿಗೋ ಕೊಲ್ಹಾಪುರಕ್ಕೋ ಹೋಗಬೇಕಾಗಿ ಬಂದರೆ ಅಲ್ಲಿ ಅದನ್ನೇ ಮತ್ತೆ ತೆಗೆಸುವುದು ತಪ್ಪುತ್ತದೆ. ಆ ಚಿತ್ರ ನಿಮ್ಮದು, ಮನೆಯ ಕಾಗದಪತ್ರಗಳ ಜೊತೆ ಜೋಪಾನವಾಗಿ ಇಟ್ಟುಕೊಳ್ಳಿ.